ಎರಡು ನಾರ್ವೆಗಳು, ಒಂದು ಬಡ ಅದಿರು

2024ರ ಜನವರಿ ತಿಂಗಳ ಒಂದು ಬೆಳಿಗ್ಗೆ. ಅಡಿಕೆ ಕೊಯ್ಲಿನ ಗಡಿಬಿಡಿಯ ನಡುವೆ ನೆರೆಮನೆಯ ಹಿರಿಯರೊಬ್ಬರು ಮೊಮ್ಮಗನ ಮೊಬೈಲ್ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದರು. ಮುಖದಲ್ಲಿ ಗಾಬರಿಯಿತ್ತು. ‘ಮೇಷ್ಟ್ರೇ, ನಮ್ಮೂರಿಗೆ ಗಣಿ ಬರ್ತದಂತಲ್ಲ, ಪಾರ್ಲಿಮೆಂಟಿನಲ್ಲೇ ಪಾಸಾಯ್ತಂತೆ?’ ಎಂದು ಕೇಳಿದರು. ಪರದೆಯನ್ನು ನೋಡಿದೆ. ನಾರ್ವೆಯಲ್ಲಿ ಗಣಿಗಾರಿಕೆಗೆ ಸಂಸತ್ತು ಒಪ್ಪಿಗೆ ನೀಡಿದ ಸುದ್ದಿ ಅಲ್ಲಿತ್ತು. ಅದು ಉತ್ತರ ಯುರೋಪಿನ ನಾರ್ವೆ. ಆ ದೇಶದ ಸಂಸತ್ತು ಆಳಸಮುದ್ರದ ತಳದಲ್ಲಿ ಖನಿಜ ಶೋಧನೆಗೆ ಹಾದಿ ತೆರೆಯುವ ನಿರ್ಣಯವನ್ನು ಆ ವಾರವಷ್ಟೇ ಅಂಗೀಕರಿಸಿತ್ತು. ನಮ್ಮದು ಚಿಕ್ಕಮಗಳೂರು ಜಿಲ್ಲೆ ಕೊಪ್ಪ ತಾಲ್ಲೂಕಿನ ನಾರ್ವೆ. ಕನ್ನಡದಲ್ಲಿ ಬರೆದರೆ ಎರಡಕ್ಕೂ ಒಂದೇ ಅಕ್ಷರ.

ಇಬ್ಬರೂ ನಕ್ಕೆವು. ಆದರೆ ಅವರು ಹೋದ ಮೇಲೆ ನನಗೆ ಆ ನಗು ಅಷ್ಟು ಹಗುರವಾಗಿ ಉಳಿಯಲಿಲ್ಲ. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಒಂದು ಕಡೆ ತುಂಗೆ, ಇನ್ನೊಂದು ಕಡೆ ಭದ್ರೆ ಹರಿಯುವ ಈ ಸೀಮೆಯಲ್ಲಿ ಗಣಿ ಎಂಬ ಪದ ಕಿವಿಗೆ ಬಿದ್ದರೆ ಜನ ಬೆಚ್ಚುವುದಕ್ಕೆ ಕಾರಣವಿದೆ. ಈ ಎರಡೂ ನದಿಗಳು, ಜೊತೆಗೆ ಕರಾವಳಿಯತ್ತ ಇಳಿಯುವ ನೇತ್ರಾವತಿಯೂ ಹುಟ್ಟುವ ಗಂಗಾಮೂಲದ ಬೆಟ್ಟಸಾಲಿನಲ್ಲೇ ದೇಶದ ಅತಿ ದೊಡ್ಡ ಕೆಳದರ್ಜೆ ಅದಿರಿನ ಪ್ರಯೋಗವೊಂದು ನಡೆದು ಮುಗಿದಿದೆ. ಅದರ ಹೆಸರು ಕುದುರೆಮುಖ.

ಈಗ ನಿಕ್ಕಲ್‌ನ ಕಾಲ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ‘ನಿರ್ಣಾಯಕ ಖನಿಜ’ಗಳೆಂದು ಮೂವತ್ತನ್ನು ಪಟ್ಟಿಮಾಡಿತು, ಲಿಥಿಯಂ, ಕೋಬಾಲ್ಟ್‌ಗಳ ಜೊತೆ ನಿಕ್ಕಲ್ ಕೂಡ ಅದರಲ್ಲಿದೆ. ಅದೇ ವರ್ಷದ ಆಗಸ್ಟ್‌ನಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿಯಾಗಿ, ಇಂತಹ ಖನಿಜಗಳ ಗಣಿಗಳನ್ನು ಹರಾಜು ಹಾಕುವ ಅಧಿಕಾರ ಕೇಂದ್ರದ ಕೈಗೆ ಹೋಯಿತು. ವಿದ್ಯುತ್ ಕಾರು, ಸ್ಕೂಟರ್‌ಗಳ ಬ್ಯಾಟರಿಗೆ ನಿಕ್ಕಲ್ ಬೇಕು ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಪ್ರಪಂಚದ ನಿಕ್ಕಲ್‌ನ ಬಹುಪಾಲು ಇಂದಿಗೂ ಹೋಗುವುದು ನಮ್ಮ ಅಡುಗೆಮನೆಯ ಕಡೆಗೆ: ಸ್ಟೇನ್‌ಲೆಸ್ ಸ್ಟೀಲಿಗೆ. ಹೀಗಾಗಿ ಈ ಲೋಹದ ವಿಚಾರದಲ್ಲಿ ಪರಿಸರದ ಪರ ಮಾತನಾಡುವ ನನ್ನಂಥವನೂ ಕೈತೊಳೆದುಕೊಂಡು ದೂರ ನಿಲ್ಲುವಂತಿಲ್ಲ. ಕಾಫಿ ಕುಡಿಯುವ ಲೋಟವೇ ನನ್ನನ್ನು ಪಾಲುದಾರನನ್ನಾಗಿ ಮಾಡಿದೆ.

ಭಾರತದಲ್ಲಿ ನಿಕ್ಕಲ್ ಇಲ್ಲವೆಂದಲ್ಲ. ಭಾರತೀಯ ಗಣಿ ಬ್ಯೂರೋದ ಲೆಕ್ಕದಂತೆ ಹದಿನೆಂಟು ಕೋಟಿ ಟನ್ನಿಗೂ ಹೆಚ್ಚು ನಿಕ್ಕಲ್ ಅದಿರು ನೆಲದಡಿ ಇದೆ. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗಿಂತ ಹೆಚ್ಚು ಇರುವುದು ಒಡಿಶಾದಲ್ಲಿ. ಕರ್ನಾಟಕದ ಪಾಲು ಹೆಸರಿಗಷ್ಟೇ. ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಆದರೆ ಒಡಿಶಾದ ಸುಕಿಂದಾ ಕಣಿವೆಯ ಅದಿರಿನಲ್ಲಿ ನಿಕ್ಕಲ್ ಇರುವುದು ಶೇ 0.4ರಿಂದ 0.9ರಷ್ಟು ಮಾತ್ರ. ಕ್ರೋಮೈಟ್ ಗಣಿಗಳಲ್ಲಿ ಅದಿರಿನ ಮೇಲೆ ಹೊದ್ದು ಕೂತ ಕೆಂಪು ಮಣ್ಣನ್ನು ಅಗೆದು ಪಕ್ಕಕ್ಕೆ ಸುರಿಯುತ್ತಾರಲ್ಲ, ಆ ಮಣ್ಣಿನಲ್ಲಿಯೇ ನಿಕ್ಕಲ್ ಅಡಗಿದೆ. ಶೇ 0.7 ಎಂದಿಟ್ಟುಕೊಂಡರೂ, ಒಂದು ಚೂರೂ ನಷ್ಟವಾಗದಂತೆ ಲೋಹವನ್ನೆಲ್ಲ ಹಿಂಡಿ ತೆಗೆದರೂ, ಒಂದು ಟನ್ ನಿಕ್ಕಲ್‌ಗೆ ನೂರ ನಲವತ್ತಕ್ಕೂ ಹೆಚ್ಚು ಟನ್ ಮಣ್ಣನ್ನು ಕರಗಿಸಬೇಕು. ಭುವನೇಶ್ವರದ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು ದಶಕಗಳ ಕಾಲ ಇದರ ಹಿಂದೆ ಬಿದ್ದರು. ವಿಧಾನಗಳು ಸಿಕ್ಕವು, ಆದರೆ ಆ ಮಣ್ಣಿನಿಂದ ಲಾಭದಾಯಕವಾಗಿ ನಿಕ್ಕಲ್ ತೆಗೆಯುವ ದೊಡ್ಡ ಕಾರ್ಖಾನೆ ಅಲ್ಲಿ ಏಳಲಿಲ್ಲ.

‘ಅದಿರು’ ಎಂಬುದು ಭೂವಿಜ್ಞಾನದ ಪದಕ್ಕಿಂತ ಹೆಚ್ಚಾಗಿ ಅರ್ಥಶಾಸ್ತ್ರದ ಪದ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಲಾಭಕ್ಕೆ ತೆಗೆಯಬಹುದಾದರೆ ಅದು ಅದಿರು, ಇಲ್ಲವಾದರೆ ಬರೀ ಕಲ್ಲು. ಬೆಲೆ ಏರಿದಾಗ ಕಲ್ಲು ಅದಿರಾಗುತ್ತದೆ, ಇಳಿದಾಗ ಅದಿರು ಮತ್ತೆ ಕಲ್ಲಾಗುತ್ತದೆ. ಮಲೆನಾಡಿನವರಿಗೆ ಇದನ್ನು ಕಾಫಿಯ ಮೂಲಕ ವಿವರಿಸುವುದು ಸುಲಭ. ಐದಾರು ಕಿಲೋ ಹಣ್ಣಿನಿಂದ ಒಂದು ಕಿಲೋ ಬೀಜ ಸಿಗುತ್ತದೆ. ಉಳಿದ ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಮತ್ತೆ ತೋಟಕ್ಕೇ ಬರುತ್ತದೆ. ಗಣಿಯ ಸಿಪ್ಪೆಗೆ ಆ ಯೋಗವಿಲ್ಲ. ಅದನ್ನು ಎಲ್ಲಾದರೂ ಇಡಬೇಕು, ಮತ್ತು ಇಟ್ಟಲ್ಲೇ ಶಾಶ್ವತವಾಗಿ ಕಾಯಬೇಕು.

ಕುದುರೆಮುಖದ ಕಥೆಯಲ್ಲಿ ಇದೆಲ್ಲವೂ ಇದೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ ಅವರು ಇಲ್ಲಿನ ಕಬ್ಬಿಣದ ನಿಕ್ಷೇಪವನ್ನು ಗುರುತಿಸಿದ್ದು 1913ರಲ್ಲಿ. ನಂತರ ಆರು ದಶಕ ಯಾರೂ ಅದನ್ನು ಮುಟ್ಟಲಿಲ್ಲ. ಬಳ್ಳಾರಿಯ ಸಂಡೂರಿನಲ್ಲಿ, ಛತ್ತೀಸಗಢದ ಬೈಲಾಡಿಲಾದಲ್ಲಿ ಶೇ 60ಕ್ಕಿಂತ ಹೆಚ್ಚು ಕಬ್ಬಿಣವಿರುವ ಹೆಮಟೈಟ್ ಇರುವಾಗ, ಶೇ 38ರ ಆಸುಪಾಸಿನ ಮ್ಯಾಗ್ನಟೈಟ್‌ಗಾಗಿ ಮಳೆಕಾಡಿನ ಬೆಟ್ಟ ಹತ್ತುವವರು ಯಾರು?

ಹತ್ತಿಸಿದ್ದು ಇರಾನ್. 1970ರ ದಶಕದ ತೈಲದ ಹಣದಿಂದ ತುಂಬಿದ್ದ ಇರಾನಿನ ಷಾ ಉಕ್ಕಿನ ಕಾರ್ಖಾನೆಗಳ ಕನಸು ಕಾಣುತ್ತಿದ್ದರು. 1975ರ ನವೆಂಬರ್‌ನಲ್ಲಿ ಒಪ್ಪಂದವಾಯಿತು. ಇರಾನ್ 63 ಕೋಟಿ ಡಾಲರ್ ಸಾಲ ಕೊಡುವುದು, ಭಾರತ ಗಣಿ ಕಟ್ಟಿ 21 ವರ್ಷಗಳಲ್ಲಿ 15 ಕೋಟಿ ಟನ್ ಸಾರೀಕೃತ ಅದಿರನ್ನು ಕೊಡುವುದು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ನಾಲ್ಕೇ ವರ್ಷಗಳಲ್ಲಿ, 1980ರ ಹೊತ್ತಿಗೆ, ಗಣಿ ಮತ್ತು ಕಾರ್ಖಾನೆ ಸಿದ್ಧವಾದವು. ಸರ್ಕಾರಿ ಯೋಜನೆಯೊಂದು ಹೇಳಿದ ಸಮಯಕ್ಕೆ ಮುಗಿದ ಅಪರೂಪದ ಉದಾಹರಣೆ ಅದು. ಆ ಎಂಜಿನಿಯರುಗಳ ಕೆಲಸವನ್ನು ಮೆಚ್ಚದಿರುವುದು ಅನ್ಯಾಯವಾದೀತು. ಅದಿರನ್ನು ಹಿಟ್ಟಿನಂತೆ ನುಣ್ಣಗೆ ಅರೆದು, ಶೇ 67ರಷ್ಟು ಕಬ್ಬಿಣವಿರುವ ಪುಡಿಯನ್ನು ಬೇರ್ಪಡಿಸಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಇಳಿಜಾರಿನ ಬಲದಿಂದಲೇ ಮಂಗಳೂರಿನ ಪಣಂಬೂರಿಗೆ ಇಳಿಸಿದರು. ಬಡ ಅದಿರನ್ನು ಲಾಭಕ್ಕೆ ತಂದ ಗುಟ್ಟು ಈ ಇಳಿಜಾರಿನಲ್ಲಿ, ಯಥೇಚ್ಛ ನೀರಿನಲ್ಲಿ ಮತ್ತು ಮೆದುಗೊಂಡ ಮೇಲಿನ ಪದರದಲ್ಲಿ ಇತ್ತು. ಲಕ್ಷಾಂತರ ವರ್ಷಗಳ ಮಳೆಗೆ ಸವೆದು ಸಡಿಲವಾದ ಆ ಪದರವನ್ನು ಅಗೆಯುವುದು, ಅರೆಯುವುದು ಸುಲಭ. ಕೆಳಗಿನ ಗಟ್ಟಿ ಬಂಡೆಯ ಅದಿರು ಬೇರೆಯದೇ ಲೆಕ್ಕ.

ಆದರೆ ಗಣಿ ಸಿದ್ಧವಾಗುವಷ್ಟರಲ್ಲಿ ಗಿರಾಕಿಯೇ ಇರಲಿಲ್ಲ. 1979ರ ಕ್ರಾಂತಿಯಲ್ಲಿ ಷಾ ಪದಚ್ಯುತರಾದರು. ಇರಾನ್ ಅಷ್ಟರಲ್ಲಿ ಸುಮಾರು 25.5 ಕೋಟಿ ಡಾಲರ್ ಕೊಟ್ಟಿತ್ತು. ಉಳಿದದ್ದು ಬರಲಿಲ್ಲ, ಅದಿರನ್ನು ಒಯ್ಯಲೂ ಇಲ್ಲ. ಕಂಪನಿ ಬೇರೆ ದೇಶಗಳ ಬಾಗಿಲು ತಟ್ಟಬೇಕಾಯಿತು. ಪುಡಿಯನ್ನು ಉಂಡೆ ಕಟ್ಟಿ ಮಾರಲು 1987ರಲ್ಲಿ ಮಂಗಳೂರಿನಲ್ಲಿ ಪೆಲೆಟ್ ಘಟಕವನ್ನು ಕಟ್ಟಿತು. ಬಡ ಅದಿರಿನ ಆರ್ಥಿಕ ಸಾಧ್ಯತೆಯ ವರದಿಗಳನ್ನು ಓದುವಾಗ ನನಗೆ ಯಾವಾಗಲೂ ಈ ಪ್ರಸಂಗ ನೆನಪಾಗುತ್ತದೆ. ಆ ವರದಿಯ ಯಾವ ಕೋಷ್ಟಕದಲ್ಲೂ ಟೆಹರಾನಿನ ಬೀದಿಗಳಿಗೆ ಒಂದು ಸಾಲು ಇದ್ದಿರಲಾರದು. ಶ್ರೀಮಂತ ಅದಿರಿನ ಗಣಿ ಇಂತಹ ಏಟನ್ನು ತಾಳಿಕೊಳ್ಳುತ್ತದೆ. ಬಡ ಅದಿರಿನ ಗಣಿಗೆ ಆ ಅವಕಾಶ ಕಡಿಮೆ. ಹೂಡಿಕೆ ದೊಡ್ಡದು, ಅಂಚು ಕಿರಿದು, ನಿಲ್ಲಿಸಿದರೂ ನಷ್ಟ, ನಡೆಸಿದರೂ ಸಂಶಯ.

ಇನ್ನು ಸಿಪ್ಪೆಯ ಮಾತು. ಪೂರ್ಣ ಸಾಮರ್ಥ್ಯದಲ್ಲಿ ಕುದುರೆಮುಖ ವರ್ಷಕ್ಕೆ 2.25 ಕೋಟಿ ಟನ್ ಅದಿರು ಅಗೆದು 75 ಲಕ್ಷ ಟನ್ ಪುಡಿ ತೆಗೆಯಬೇಕಿತ್ತು. ಕಳೆಯುವ ಲೆಕ್ಕ ಬಲ್ಲ ಯಾರಿಗೂ ಗೊತ್ತಾಗುತ್ತದೆ, ಉಳಿಯುವುದು ಒಂದೂವರೆ ಕೋಟಿ ಟನ್ ಕೆಸರು. ಅದನ್ನು ಹಿಡಿದಿಡಲು ಲಕ್ಯಾ ಹಳ್ಳಕ್ಕೆ ನೂರು ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಒಂದು ಕಣಿವೆಯೇ ಕೆಸರಿನ ಕೊಳವಾಯಿತು. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ, ಶೋಲಾ ಕಾಡು ಮತ್ತು ಹುಲ್ಲುಗಾವಲಿನ, ಸಿಂಗಳೀಕಗಳ ನೆಲೆಯಾದ ಜಾಗದಲ್ಲಿ ಬೆಟ್ಟದ ಚರ್ಮ ಸುಲಿದರೆ ಏನಾಗುತ್ತದೆ ಎಂದು ಊಹಿಸಲು ವಿಜ್ಞಾನಿ ಬೇಕಿಲ್ಲ. ಆದರೂ ವಿಜ್ಞಾನಿಗಳು ಬಂದರು, ಭದ್ರೆಯ ನೀರಿನಲ್ಲಿ ತೇಲುವ ಹೂಳನ್ನು ಮಳೆಗಾಲದಲ್ಲಿ ಅಳೆದರು. ಗಣಿಯ ವಿಸ್ತಾರ ಜಲಾನಯನದಲ್ಲಿ ಅತ್ಯಲ್ಪ, ಹೂಳಿನಲ್ಲಿ ಅದರ ಪಾಲು ಮಾತ್ರ ಆ ವಿಸ್ತಾರಕ್ಕೆ ಹೋಲಿಸಿದರೆ ಹಲವು ಪಟ್ಟು ಎಂಬುದು ಕಂಡುಬಂತು. ಆ ಹೂಳು ಕಳಸ, ಬಾಳೆಹೊನ್ನೂರುಗಳನ್ನು ದಾಟಿ ಹೋಗುವುದು ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೆ. ಆ ನೀರನ್ನು ನಂಬಿ ಶಿವಮೊಗ್ಗ, ದಾವಣಗೆರೆಯ ಕಡೆ ಸುಮಾರು ಒಂದು ಲಕ್ಷ ಹೆಕ್ಟೇರಿನಲ್ಲಿ ಭತ್ತ, ಕಬ್ಬು, ಅಡಿಕೆ ಬೆಳೆಯುತ್ತದೆ. ಜಲಾಶಯದ ತಳದಲ್ಲಿ ಕೂತ ಹೂಳಿನ ಬೆಲೆಯನ್ನು ಅದಿರಿನ ಬೆಲೆಯಿಂದ ಯಾರೂ ಕಳೆಯಲಿಲ್ಲ. ಬಡ ಅದಿರು ಎಷ್ಟೋ ಸಲ ‘ಲಾಭದಾಯಕ’ವಾಗುವುದು ಹೀಗೆ, ಖರ್ಚಿನ ಒಂದು ಭಾಗವನ್ನು ಕೆಳಗಿನ ಊರಿನವರ ಖಾತೆಗೆ ಬರೆದು.

ಗಣಿ ನಿಂತದ್ದು ಹೇಗೆ ಎಂಬುದು ಈಗ ಇತಿಹಾಸ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ ಹೊರಟಿತು, 2001ರಲ್ಲಿ ಅಂತಿಮ ಅಧಿಸೂಚನೆ. ನಡುವೆ 1999ರಲ್ಲಿ ಗಣಿ ಗುತ್ತಿಗೆಯ ಮೂವತ್ತು ವರ್ಷ ಮುಗಿಯಿತು. ಕಂಪನಿಯ ಕಣ್ಣು ನೆಲ್ಲಿಬೀಡು, ಗಂಗಡಿಕಲ್ಲಿನ ಕಡೆಗೂ ಇತ್ತು. ತುಂಗೆಯ ಮೂಲಕ್ಕೇ ಕೈ ಇಡುತ್ತಾರೆಂದು ಶೃಂಗೇರಿ, ಕೊಪ್ಪದ ಕಡೆಯ ಜನ ಎದ್ದು ನಿಂತದ್ದು ಆಗಲೇ. ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. ಒಡೆದಿದ್ದ ಜಾಗದ ಮೆದು ಅದಿರನ್ನಷ್ಟೇ ತೆಗೆದು 2005ರ ಕೊನೆಗೆ ಗಣಿ ಮುಚ್ಚಬೇಕೆಂದು ನ್ಯಾಯಾಲಯ ಹೇಳಿತು. 2005ರ ಡಿಸೆಂಬರ್ 31ಕ್ಕೆ ಯಂತ್ರಗಳು ನಿಂತವು. ಚಿಣ್ಣಪ್ಪನವರು 2024ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರ ಹೆಸರಿನ ಆ ತೀರ್ಪನ್ನು ಇಂದಿಗೂ ಕಾನೂನು ವಿದ್ಯಾರ್ಥಿಗಳು ಓದುತ್ತಾರೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ಲೆಕ್ಕ ಏಕಪಕ್ಷೀಯವಾಗುತ್ತದೆ. ಗಣಿ ಮುಚ್ಚಿದ ಹೊತ್ತಿನಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರುತ್ತಿತ್ತು. ಕಂಪನಿ ಒಳ್ಳೆಯ ಲಾಭದಲ್ಲಿತ್ತು. ಶಾಲೆ, ಆಸ್ಪತ್ರೆ, ಸಾಲುಮನೆಗಳಿಂದ ತುಂಬಿದ್ದ ಕುದುರೆಮುಖದ ಪಟ್ಟಣ ಬರಿದಾಯಿತು. ಅತ್ತ ಉದ್ಯಾನದ ಗಡಿಯೊಳಗೆ ಸಿಕ್ಕಿಬಿದ್ದ ಬಡ ಕುಟುಂಬಗಳಿಗೆ, ಗಣಿಯ ದೊಡ್ಡ ಯಂತ್ರಕ್ಕೆ ಇಷ್ಟು ವರ್ಷ ಜಾಗವಿತ್ತು, ತಮ್ಮ ಗದ್ದೆಗೇಕೆ ಇಲ್ಲ ಎಂಬ ಪ್ರಶ್ನೆ ಉಳಿಯಿತು. ಆ ಪ್ರಶ್ನೆಗೆ ಪರಿಸರವಾದಿಗಳಾದ ನಾವು ಸರಿಯಾದ ಉತ್ತರ ಕೊಟ್ಟಿದ್ದೇವೆಂದು ನನಗೆ ಅನಿಸಿಲ್ಲ.

ಮತ್ತು ಹಸಿವು ಬೇರೆ ಬೆಟ್ಟಕ್ಕೆ ಹೋಯಿತು. ತನ್ನ ಗಣಿ ಕಳೆದುಕೊಂಡ ಕಂಪನಿ ಮಂಗಳೂರಿನ ಪೆಲೆಟ್ ಘಟಕಕ್ಕೆ ಬೈಲಾಡಿಲಾದಂಥ ದೂರದ ಗಣಿಗಳಿಂದ ಅದಿರು ತರಿಸಿಕೊಳ್ಳಬೇಕಾಯಿತು. ಮುಂದೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿ ಗುತ್ತಿಗೆ ಪಡೆಯಿತು. ಸುಮಾರು 99 ಸಾವಿರ ಮರ ಕಡಿಯಬೇಕಾದೀತೆಂಬ ಲೆಕ್ಕ ಹೊರಬಿದ್ದು, 2024ರ ಜೂನ್‌ನಲ್ಲಿ ರಾಜ್ಯದ ಅರಣ್ಯ ಸಚಿವರು ಅರಣ್ಯಭೂಮಿ ಹಸ್ತಾಂತರಿಸದಂತೆ ಸೂಚಿಸಿದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು.

ಈ ಅನುಭವ ನಿಕ್ಕಲ್‌ಗೆ ಹೇಗೆ ಅನ್ವಯಿಸುತ್ತದೆ? ನಿಕ್ಕಲ್‌ನ ಕಷ್ಟ ಕಬ್ಬಿಣಕ್ಕಿಂತ ಹೆಚ್ಚು. ಮ್ಯಾಗ್ನಟೈಟನ್ನು ಅಯಸ್ಕಾಂತ ಹಿಡಿದು ಬೇರ್ಪಡಿಸಬಹುದು. ಕೆಂಪು ಮಣ್ಣಿನ ನಿಕ್ಕಲ್ ಬೇರೆ ಖನಿಜದ ಕಣಗಳೊಳಗೇ ಕರಗಿ ಕೂತಿರುತ್ತದೆ. ಅರೆದರೂ ತೊಳೆದರೂ ಪ್ರತ್ಯೇಕವಾಗುವುದಿಲ್ಲ. ಒಂದೋ ಕುಲುಮೆಯಲ್ಲಿ ಕರಗಿಸಬೇಕು, ಇಲ್ಲವೇ ಇನ್ನೂರೈವತ್ತು ಡಿಗ್ರಿ ಶಾಖದಲ್ಲಿ, ಭಾರಿ ಒತ್ತಡದಲ್ಲಿ ಗಂಧಕಾಮ್ಲದೊಡನೆ ಬೇಯಿಸಬೇಕು. ಮೊದಲನೆಯದಕ್ಕೆ ಅಪಾರ ವಿದ್ಯುತ್ ಬೇಕು. ಎರಡನೆಯದರಲ್ಲಿ ಆಮ್ಲದ ಕೆಸರು ಉಳಿಯುತ್ತದೆ.

ಇಂಡೊನೇಷ್ಯಾ ಇವೆರಡನ್ನೂ ಮಾಡಿತು. 2020ರ ಜನವರಿಯಿಂದ ಕಚ್ಚಾ ಅದಿರಿನ ರಫ್ತು ನಿಷೇಧಿಸಿ, ಚೀನಾದ ಬಂಡವಾಳದಲ್ಲಿ ಸುಲವೆಸಿ ದ್ವೀಪದ ಮೊರೊವಾಲಿಯಂಥ ಕಡೆ ಕುಲುಮೆಗಳ ಊರನ್ನೇ ಎಬ್ಬಿಸಿತು. 2023ರ ಹೊತ್ತಿಗೆ ಜಗತ್ತಿನ ನಿಕ್ಕಲ್‌ನಲ್ಲಿ ಅರ್ಧ ಅದರದೇ ಆಯಿತು. ಹಸಿರು ಕಾರುಗಳಿಗೆಂದು ಹೊರಟ ಲೋಹಕ್ಕೆ ಕಲ್ಲಿದ್ದಲಿನ ವಿದ್ಯುತ್ ಸುಟ್ಟರು, ಮಳೆಕಾಡು ಕಡಿದರು, ಕೆಂಪು ಮಣ್ಣು ಕಡಲಿಗೆ ಹರಿಯಿತು. ಅಷ್ಟೆಲ್ಲ ಆದ ಮೇಲೆ ಬೆಲೆ? 2022ರ ಮಾರ್ಚ್‌ನಲ್ಲಿ ಲಂಡನ್ ಲೋಹ ಪೇಟೆಯಲ್ಲಿ ಒಂದು ಕ್ಷಣ ಟನ್ನಿಗೆ ಲಕ್ಷ ಡಾಲರ್ ದಾಟಿದ್ದ ನಿಕ್ಕಲ್, ಎರಡು ವರ್ಷದೊಳಗೆ ಇಪ್ಪತ್ತು ಸಾವಿರಕ್ಕಿಂತ ಕೆಳಗಿತ್ತು. 2024ರಲ್ಲಿ ಆಸ್ಟ್ರೇಲಿಯಾದ ಬಿಎಚ್‌ಪಿ ಕಂಪನಿ ತನ್ನ ನಿಕ್ಕಲ್ ವಹಿವಾಟನ್ನೇ ಸ್ಥಗಿತಗೊಳಿಸಿತು, ನ್ಯೂ ಕ್ಯಾಲಿಡೋನಿಯಾದ ಕೊನಿಯಾಂಬೊ ಕಾರ್ಖಾನೆಯ ಕುಲುಮೆಗಳು ಆರಿದವು. ಕೊನಿಯಾಂಬೊದ ಅದಿರು ಸುಕಿಂದಾದ ಮಣ್ಣಿಗಿಂತ ಶ್ರೀಮಂತವಾದದ್ದು. ಅಂಥವರೇ ನಿಲ್ಲಿಸಿದ ಪೇಟೆಯಲ್ಲಿ ಶೇ 0.7ರ ಅದಿರು ಹಿಡಿದು ನಾವು ನಿಲ್ಲುವುದು ಎಲ್ಲಿ?

ಹೀಗೆಂದು ಬಡ ಅದಿರನ್ನು ಮುಟ್ಟಲೇಬಾರದೆಂದು ನಾನು ಹೇಳುವುದಿಲ್ಲ. ಮುಟ್ಟುವ ಮೊದಲು ಅದು ಈಗ ಎಲ್ಲಿದೆ ಎಂದು ಕೇಳಬೇಕು. ಸುಕಿಂದಾದ ನಿಕ್ಕಲ್ ಮಣ್ಣಿನ ಒಂದು ದೊಡ್ಡ ಪಾಲು ಆಗಲೇ ಅಗೆದು ಗುಡ್ಡೆ ಹಾಕಿದ್ದು. ಕ್ರೋಮಿಯಂ ವಿಷದಿಂದ ಕುಖ್ಯಾತವಾದ ದಾಮಸಲ ಹಳ್ಳದ ಜಲಾನಯನದಲ್ಲಿ ಅದು ಮಳೆಗೆ ತೊಳೆದುಹೋಗುತ್ತಾ ಬಿದ್ದಿದೆ. ಅದರಿಂದ ಲೋಹ ತೆಗೆಯುವುದೂ, ಉಳಿದದ್ದನ್ನು ಭದ್ರವಾಗಿ ಹೂಳುವುದೂ ಒಂದೇ ಯೋಜನೆಯಾದರೆ, ಅದಕ್ಕೆ ಸರ್ಕಾರ ಸಹಾಯಧನ ಕೊಟ್ಟರೂ ನನಗೆ ತಕರಾರಿಲ್ಲ. ನಮ್ಮ ಕೆಜಿಎಫ್‌ನಲ್ಲಿ ನಡೆಯುತ್ತಿರುವ ವಿಚಾರವೂ ಇದೇ ಜಾತಿಯದು. 2001ರ ಫೆಬ್ರುವರಿ ಕೊನೆಗೆ ಮುಚ್ಚಿದ ಆ ಗಣಿಯ ಸಯನೈಡ್ ದಿಬ್ಬಗಳಲ್ಲಿ ಉಳಿದ ಚೂರುಪಾರು ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿತು. ಗಾಳಿಗೆ ದೂಳೆಬ್ಬಿಸುವ ಆ ದಿಬ್ಬಗಳು ಹೋದರೆ ಊರಿಗೆ ಒಳ್ಳೆಯದೇ, ಹೊಸ ದಿಬ್ಬಗಳನ್ನು ಬೇರೆಡೆ ಕಟ್ಟದಿದ್ದರೆ.

ಅಂದಾಜುಗಳನ್ನು ನಂಬುವಾಗಲೂ ನಿಧಾನ ಒಳ್ಳೆಯದು. ಮಂಡ್ಯದ ಮರಳಗಾಲದಲ್ಲಿ 14,100 ಟನ್ ಲಿಥಿಯಂ ಇದೆಯೆಂದು 2020ರಲ್ಲಿ ಸುದ್ದಿಯಾದಾಗ ನಾಡೆಲ್ಲ ಸಂಭ್ರಮಿಸಿತು. ಮರುವರ್ಷ ಪರಮಾಣು ಖನಿಜ ನಿರ್ದೇಶನಾಲಯದ ಅಂದಾಜು 1,600 ಟನ್ನಿಗೆ ಇಳಿಯಿತು. ಭೂವಿಜ್ಞಾನದಲ್ಲಿ ಇದು ಅವಮಾನವೇನಲ್ಲ. ಮೊದಲ ಅಂದಾಜು ಇರುವುದೇ ತಿದ್ದಲಿಕ್ಕೆ. ಆದರೆ ತಿದ್ದುವ ಮೊದಲೇ ಭೂಮಿಯ ಕ್ರಯಪತ್ರಗಳು ಓಡಾಡತೊಡಗಿದರೆ ಅದು ಭೂವಿಜ್ಞಾನದ ತಪ್ಪಲ್ಲ.

ಇನ್ನೊಂದು ನಾರ್ವೆಯ ಕಥೆಯನ್ನೂ ನೆರೆಯವರಿಗೆ ಹೇಳಬೇಕಿತ್ತು, ಅಂದು ಪುರಸೊತ್ತಾಗಲಿಲ್ಲ. ಆ ದೇಶದ ಉತ್ತರದ ತುದಿಯಲ್ಲಿ, ಕಿರ್ಕೆನೆಸ್ ಎಂಬ ಊರಿನ ಬಳಿ, ಸಿಡ್‌ವರಾಂಗೆರ್ ಎಂಬ ಕಬ್ಬಿಣದ ಗಣಿಯಿದೆ. ಅಲ್ಲಿಯೂ ಮ್ಯಾಗ್ನಟೈಟ್, ನಮ್ಮದಕ್ಕಿಂತಲೂ ಬಡವಾದದ್ದು, ಶೇ 30ರ ಆಸುಪಾಸು. 1906ರಲ್ಲಿ ಕಂಪನಿ ಹುಟ್ಟಿ, ದಶಕಗಳ ಕಾಲ ಅರೆದು, ಸಿಪ್ಪೆಯನ್ನು ಕಡಲ ಚಾಚಿಗೆ ಸುರಿದು, 1990ರ ದಶಕದಲ್ಲಿ ನಿಲ್ಲಿಸಿತು. ಬೆಲೆ ಏರಿದಾಗ 2009ರಲ್ಲಿ ಮತ್ತೆ ತೆರೆದರು. ಬೆಲೆ ಬಿದ್ದಾಗ 2015ರಲ್ಲಿ ದಿವಾಳಿಯಾಯಿತು. ಶ್ರೀಮಂತ ದೇಶ, ಪ್ರಾಮಾಣಿಕ ಆಡಳಿತ, ಉತ್ತಮ ಎಂಜಿನಿಯರುಗಳು, ಎಲ್ಲ ಇದ್ದೂ ಬಡ ಅದಿರು ಅವರನ್ನೂ ಆಡಿಸಿತು. ಆಳಸಮುದ್ರದ ವಿಷಯದಲ್ಲಿ ಮಾತ್ರ ಅವರು ತುಸು ತಡೆದರು. 2024ರ ಡಿಸೆಂಬರ್‌ನಲ್ಲಿ, ಆಯವ್ಯಯಕ್ಕೆ ಬೆಂಬಲ ಬೇಕಿದ್ದ ಸರ್ಕಾರ ಚಿಕ್ಕ ಪಕ್ಷವೊಂದರ ಪಟ್ಟಿಗೆ ಮಣಿದು ಮೊದಲ ಪರವಾನಗಿಗಳನ್ನು ತಡೆಹಿಡಿಯಿತು.

ನಮ್ಮಲ್ಲಿ ಗಾಳಿ ಬೀಸುತ್ತಿರುವುದು ಬೇರೆ ದಿಕ್ಕಿಗೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಪರಮಾಣು ಮತ್ತು ನಿರ್ಣಾಯಕ ಖನಿಜಗಳ ಗಣಿ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಆಲಿಕೆಯಿಂದ ವಿನಾಯಿತಿ ನೀಡಿತು. ಕಬ್ಬಿಣಕ್ಕೆ ಗಣಿ ತೆಗೆಯುವವನು ಊರಿನವರ ಮುಂದೆ ಕುರ್ಚಿ ಹಾಕಿಕೊಂಡು ಕೂತು ಉತ್ತರ ಹೇಳಬೇಕು; ನಿಕ್ಕಲ್‌ಗೆ ತೆಗೆಯುವವನಿಗೆ ಆ ತಾಪತ್ರಯವಿಲ್ಲ. ಅಂತಹ ಸಭೆಗಳಲ್ಲಿ ನಾನು ಕೂತದ್ದುಂಟು. ಗದ್ದಲ ಹೆಚ್ಚು, ಎಷ್ಟೋ ಸಲ ಎಲ್ಲ ಮೊದಲೇ ತೀರ್ಮಾನವಾಗಿರುತ್ತದೆ, ನಿಜ. ಆದರೂ ‘ಸಿಪ್ಪೆ ಎಲ್ಲಿ ಹಾಕ್ತೀರಿ ಸ್ವಾಮಿ, ಆ ಹಳ್ಳ ನಮ್ಮ ಗದ್ದೆಗೆ ಬರ್ತದೆ’ ಎಂದು ಯಾರೋ ಒಬ್ಬರು ಎದ್ದು ಕೇಳುವುದು, ಅದು ಕಡತದಲ್ಲಿ ದಾಖಲಾಗುವುದು ಅಲ್ಲಿ ಮಾತ್ರ.

ನೆರೆಯ ಹಿರಿಯರು ಅಂದು ಮೊಬೈಲ್ ಹಿಡಿದು ಬಂದದ್ದು ನನ್ನಲ್ಲಿಗೆ. ಊರಿನ ಹೆಸರು ತಪ್ಪಾಗಿತ್ತು, ಪ್ರಶ್ನೆ ತಪ್ಪಾಗಿರಲಿಲ್ಲ. ಲಕ್ಯಾದ ಅಣೆಕಟ್ಟಿನ ಹಿಂದೆ ಇಂದಿಗೂ ಆ ಕೆಸರು ಹಾಗೆಯೇ ಇದೆ. ಗಣಿ ನಡೆದದ್ದು ಕಾಲು ಶತಮಾನ. ನೂರು ಮೀಟರಿನ ಆ ಗೋಡೆಯನ್ನು ಪ್ರತಿ ಆಷಾಢದಲ್ಲಿ ಯಾರಾದರೂ ಹೋಗಿ ನೋಡಿ ಬರಬೇಕು. ಎಷ್ಟು ವರ್ಷ ಎಂಬುದನ್ನು 1975ರಲ್ಲಿ ಯಾರೂ ಕೇಳಿರಲಿಲ್ಲ.